ಕುಂಬಳ ಬೀಜ ಹುರಿಯಿರಿ, ಹತ್ತು ಬೀಜ ಉಳಿಸಿ

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಹೋಬಳಿ ಅಂದರೆ ಕಣ್ಮುಂದೆ ಬರೋದು ಕಬ್ಬು, ಭತ್ತ, ತೆಂಗು. ತಿಪ್ಪೆ ಪಕ್ಕದಲ್ಲಿ ತಾನಾಗಿ ಹಬ್ಬಿದ ಕುಂಬಳ ಬಳ್ಳಿಯನ್ನು ಯಾರೂ ಬೆಳೆ ಅಂತ ಲೆಕ್ಕಕ್ಕೆ ಇಡಲ್ಲ. ಆದರೂ ಊರಿಂದ ಹೊರಡುವಾಗ ಅಮ್ಮ ಕೊಡೋ ಚೀಲದಲ್ಲಿ ಒಂದು ಸಿಹಿಗುಂಬಳ ಇರುತ್ತೆ. ಬೆಂಗಳೂರಿಗೆ ಬಂದ ಮೇಲೆ ಕಾಯಿ ಪಲ್ಯಕ್ಕೆ, ಬೀಜ ಕಸದ ಬುಟ್ಟಿಗೆ. ಅದೇ ವಾರ ಆ್ಯಪ್‌ನಲ್ಲಿ 'ಪಂಪ್‌ಕಿನ್ ಸೀಡ್ಸ್' ಆರ್ಡರ್!

ಪೊಟ್ಟಣದಲ್ಲಿ ಬರೋದು ಹಸಿರು ತಿರುಳು ಮಾತ್ರ. ನಮ್ಮ ಕಾಯಿಯ ಬೀಜಕ್ಕೆ ಬಿಳಿ ಸಿಪ್ಪೆ ಇರುತ್ತೆ, ಒಳಗಿರೋದು ಅದೇ ತಿರುಳು. 100 ಗ್ರಾಂ ತಿರುಳಿನಲ್ಲಿ ಸುಮಾರು 30 ಗ್ರಾಂ ಪ್ರೋಟೀನ್ ಇದೆ, ಮೆಗ್ನೀಷಿಯಂ, ಸತು ಕೂಡ ಚೆನ್ನಾಗಿವೆ. ಕೊಬ್ಬೂ ಅರ್ಧದಷ್ಟಿದೆ, ಹಾಗಾಗಿ ದಿನಕ್ಕೆ ಒಂದು ಹಿಡಿ ಸಾಕು.

ಹುರಿಯೋದು ಹೀಗೆ

- ಬೀಜವನ್ನು ನೀರಿನಲ್ಲಿ ಹಾಕಿ, ನಾರು ಬಿಡಿಸಿ ತೊಳೆಯಿರಿ. ಒತ್ತಿದರೆ ಚಪ್ಪಟೆಯಾಗೋ ಜೊಳ್ಳು ತೆಗೆಯಿರಿ.
- ಉಪ್ಪು ಒಳಗೂ ಹಿಡಿಯಬೇಕಾದರೆ ಉಪ್ಪುನೀರಿನಲ್ಲಿ 10 ನಿಮಿಷ ಕುದಿಸಿ ಸೋಸಿ.
- ಬಟ್ಟೆ ಮೇಲೆ ಹರಡಿ ಒಂದೆರಡು ದಿನ ಒಣಗಿಸಿ. ಪೇಪರ್ ಬೇಡ, ಅಂಟಿಕೊಳ್ಳುತ್ತೆ.
- ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಕೈ ಬಿಡದೆ 10–12 ನಿಮಿಷ ಹುರಿಯಿರಿ. 'ಚಟ್ ಚಟ್' ಅಂದು ಹೊಂಬಣ್ಣ ಬಂದರೆ ಆಯ್ತು. ಓವನ್ ಇದ್ದರೆ 150 ಡಿಗ್ರಿಯಲ್ಲಿ ಸುಮಾರು 20 ನಿಮಿಷ.
- ಒಂದು ಚಮಚ ಕಡಲೆಕಾಯಿ ಎಣ್ಣೆ, ಖಾರದಪುಡಿ ಸವರಿ.

ಉರಿ ಜೋರಾದರೆ ಸಿಪ್ಪೆ ಕಪ್ಪಾಗುತ್ತೆ, ಒಳಗೆ ಹಸಿ ಉಳಿಯುತ್ತೆ. ಪೂರ್ತಿ ಆರಿದ ಮೇಲೇ ಡಬ್ಬಿಗೆ ಹಾಕಿ. ಬಿಸಿ ಇದ್ದಾಗಲೇ ಮುಚ್ಚಿದರೆ ಮೆತ್ತಗಾಗುತ್ತೆ, ಹೆಚ್ಚು ದಿನ ಇಟ್ಟರೆ ಕಮಟು ವಾಸನೆ ಬರುತ್ತೆ. ಸಿಪ್ಪೆ ತೆಳುವಿದ್ದರೆ ಹಾಗೇ ಅಗಿಯಬಹುದು, ದಪ್ಪವಿದ್ದರೆ ಬಿಡಿಸಿ. ತಿರುಳಿಗೆ ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ ಸೇರಿಸಿ ಪುಡಿ ಮಾಡಿದರೆ ಹುಚ್ಚೆಳ್ಳು ಪುಡಿ ಹಾಗೆ ರೊಟ್ಟಿಗೂ ಆಗುತ್ತೆ.

ಒಂದು ಎಚ್ಚರಿಕೆ: ಕಾಯಿ ಕಹಿ ಇದ್ದರೆ ಪಲ್ಯವೂ ಬೇಡ, ಬೀಜವೂ ಬೇಡ. ಆ ಕಹಿ ಕುಕುರ್ಬಿಟಾಸಿನ್ ಅನ್ನೋ ವಿಷದ ಗುರುತು. ಬೇಯಿಸಿದರೂ ಹೋಗಲ್ಲ.

ಎಲ್ಲಾ ಹುರಿಯಬೇಡಿ

ಹಿಂದೆ ಮನೆಯ ಹಿರಿಯರು ಒಳ್ಳೇ ರುಚಿಯ ಕಾಯಿಯ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿ ಒಣಗಿಸೋರು, ಇಲ್ಲವೇ ಬೂದಿ ಬೆರೆಸಿ ಮಡಕೆಯಲ್ಲಿ ಇಡೋರು. ಮಳೆ ಬಿದ್ದ ಮೇಲೆ ಅದೇ ಬೀಜ ಹಿತ್ತಲಿಗೆ. ತಿನ್ನೋಕೆ ಉಳಿದದ್ದು, ಬಿತ್ತೋಕೆ ಮೊದಲು. ಗೋಡೆ ಸಿಮೆಂಟಿನದಾಯ್ತು, ಹಿತ್ತಲು ಸೈಟಾಯ್ತು. ಮನೆ ಬೀಜ ಒಂದು ವರ್ಷ ತಪ್ಪಿದರೆ ಆ ರುಚಿಯ ಕಾಯಿ ಮತ್ತೆ ಹುಡುಕಿದರೂ ಸಿಗಲ್ಲ.

ಅಂಗಡಿಯ ಹೈಬ್ರಿಡ್ ಕಾಯಿಯ ಬೀಜ ಹಾಕಿದರೆ ತಾಯಿಯಂಥದ್ದೇ ಕಾಯಿ ಬರೋ ಖಾತ್ರಿ ಇಲ್ಲ. ಊರ ತಳಿಯೋ, ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಚಂದನ್' ತಳಿಯೋ ಆದರೆ ಬೀಜ ಉಳಿಸಬಹುದು. ಹತ್ತಿರ ಬೇರೆ ಕುಂಬಳ ಇದ್ದರೆ ಜೇನುನೊಣ ಪರಾಗ ಬೆರೆಸುತ್ತೆ, ಅದೊಂದು ನೆನಪಿರಲಿ.

ಮುಂದಿನ ಸಲ ಕಾಯಿ ಹೆಚ್ಚಿದಾಗ ದಪ್ಪನೆಯ ಹತ್ತು ಬೀಜ ಆರಿಸಿ, ಹುರಿಯದೆ ನೆರಳಲ್ಲಿ ಒಣಗಿಸಿ. ಪೊಟ್ಟಣದ ಮೇಲೆ ಊರು, ವರ್ಷ ಬರೆದಿಡಿ. ಊರಿಗೆ ಹೋದಾಗ ಅಮ್ಮನ ಕೈಗೆ ಕೊಡಿ. ಬಳ್ಳಿ ಹಬ್ಬೋಕೆ ಜಾಗ ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತೆ.