ಕೋವಿಯ ಹಿಂಸೆಯ ನಿವಾರಣೆ ಮತ್ತು ಸೈಕಲ್ ಜಾಥಾ: ಕೊಕ್ಕಡದ ಕಡೆಯಿಂದ ಒಂದು ನೋಟ

ಕೋವಿಯಿಂದ ಆಗುವ ಸಾವುನೋವುಗಳನ್ನು ತಡೆಯಬೇಕೆಂಬ ವಿಚಾರವನ್ನು ಜನರ ಮುಂದಿಡುವುದಕ್ಕಾಗಿ ಹಲವರು ಒಟ್ಟುಗೂಡಿ ಸೈಕಲ್ಲಿನ ಮೇಲೆ ಊರಿಂದೂರಿಗೆ ಹೋಗುವ ಪದ್ಧತಿಯೊಂದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬಳಕೆಗೆ ಬಂದಿದೆ. ಅದಕ್ಕೂ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಸೈಕಲ್ ಜಾಥಾ ನಮಗೆ ಹೊಸದಲ್ಲ. ಘಟ್ಟದ ಬುಡದ ತೋಟಗಳಿಗೆ ಕೋವಿಯೂ ಹೊಸದಲ್ಲ. ಆದರೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ ಅಭ್ಯಾಸ ನಮಗಿಲ್ಲ. ಅಲ್ಲಿಯ ಪದ್ಧತಿಯಲ್ಲಿ ಯಾವುದು ಇಲ್ಲಿಗೆ ಹೊಂದೀತು, ಯಾವುದು ಹೊಂದಲಾರದು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಅಲ್ಲಿಯ ಸಂಗತಿ. ಕನೆಕ್ಟಿಕಟ್ ರಾಜ್ಯದ ನ್ಯೂಟೌನ್ ಎಂಬ ಊರಿನ ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಯಲ್ಲಿ ೨೦೧೨ರ ಡಿಸೆಂಬರ್ ೧೪ರಂದು ಬಂದೂಕುಧಾರಿಯೊಬ್ಬನು ಇಪ್ಪತ್ತು ಮಂದಿ ಮಕ್ಕಳನ್ನೂ ಆರು ಮಂದಿ ವಯಸ್ಕರನ್ನೂ ಕೊಂದನು. ಮರುವರ್ಷದ ಮಾರ್ಚ್ ತಿಂಗಳಿನಲ್ಲಿ ಇಪ್ಪತ್ತಾರು ಮಂದಿ ಸೈಕಲ್ ಸವಾರರು, ಮಡಿದವರ ಸಂಖ್ಯೆಯನ್ನೇ ತಮ್ಮ ತಂಡದ ಹೆಸರಾಗಿ ಇಟ್ಟುಕೊಂಡು, ನ್ಯೂಟೌನಿನಿಂದ ರಾಜಧಾನಿ ವಾಷಿಂಗ್ಟನ್ನಿಗೆ ಹೊರಟರು. ದೂರ ಸುಮಾರು ೪೦೦ ಮೈಲಿ. ಹಿಡಿದ ಕಾಲ ನಾಲ್ಕು ದಿನ. ದಾರಿಯುದ್ದಕ್ಕೂ ಊರುಗಳಲ್ಲಿ ನಿಂತು ಸಭೆ ನಡೆಸಿ, ಕೊನೆಗೆ ಶಾಸನಕರ್ತರನ್ನು ಕಂಡು, ಬಂದೂಕು ಕೊಳ್ಳುವವರ ಪೂರ್ವಚರಿತ್ರೆಯನ್ನು ಪರೀಕ್ಷಿಸುವ ಕಾನೂನು ಬೇಕೆಂದು ಕೇಳಿಕೊಂಡರು. ಏಪ್ರಿಲ್ ೧೭ರಂದು ಆ ವಿಷಯದ ತಿದ್ದುಪಡಿಗೆ ಸೆನೆಟ್ಟಿನಲ್ಲಿ ೫೪ ಮತಗಳು ಬಂದವು; ಬೇಕಾಗಿದ್ದುದು ೬೦. ಅದು ಬಿದ್ದುಹೋಯಿತು. ಕನೆಕ್ಟಿಕಟ್ ರಾಜ್ಯ ಮಾತ್ರ ಅದೇ ತಿಂಗಳು ತನ್ನ ಕಾನೂನನ್ನು ಬಿಗಿಗೊಳಿಸಿತು. ಒಕ್ಕೂಟದ ಮಟ್ಟದಲ್ಲಿ ಗಣನೀಯವಾದ ಶಾಸನವೊಂದು ಬರಲು ೨೦೨೨ರ ಜೂನ್ ತಿಂಗಳಾಗಬೇಕಾಯಿತು. ಇದನ್ನು ಸವಾರರ ಗೆಲುವೆಂದು ಬರೆಯಲು ನಾವು ಸಿದ್ಧರಿಲ್ಲ. ಅಲ್ಲಿಯ ಸೈಕಲ್ ಯಾತ್ರೆಯ ಮುಖ ಶಾಸನಸಭೆಯ ಕಡೆಗಿದ್ದಿತು ಎಂಬುದಷ್ಟೇ ಇಲ್ಲಿ ನಮಗೆ ಬೇಕಾದ ಅಂಶ.

ಸೈಕಲ್ಲೇ ಏಕೆ? ಕಾರಿನಲ್ಲಿ ಹೋದವನು ಊರನ್ನು ದಾಟಿಹೋಗುತ್ತಾನೆ. ನಡೆದು ಹೋದವನು ಊರನ್ನು ಸೇರುತ್ತಾನೆ, ಆದರೆ ದಿನಕ್ಕೆ ಒಂದೆರಡೇ ಊರು. ಸೈಕಲ್ ಇವೆರಡರ ನಡುವಿನದು. ದಿನಕ್ಕೆ ನಾಲ್ಕೈದು ಊರು ಮುಟ್ಟಬಹುದು. ಎಲ್ಲಿ ಬೇಕಾದರೂ ಕಾಲೂರಿ ನಿಂತು ಮಾತಾಡಬಹುದು. ಬೆವರಿ ಬಂದವನಿಗೆ ಜನ ಮೊದಲು ನೀರು ಕೊಡುತ್ತಾರೆ, ಬೆಲ್ಲದ ತುಂಡು ಕೊಡುತ್ತಾರೆ. ಆಮೇಲೆ ಬಂದ ಕಾರಣ ಕೇಳುತ್ತಾರೆ. ಈ ಕ್ರಮ ಧ್ವನಿವರ್ಧಕದ ವಾಹನಕ್ಕೆ ದೊರೆಯುವುದಿಲ್ಲ. ಇನ್ನು ಗುಂಪು ಏಕೆಂದರೆ, ಒಬ್ಬನೇ ಬಂದರೆ ಅದು ಅವನ ಹವ್ಯಾಸ. ಇಪ್ಪತ್ತು ಮಂದಿ ಬಂದರೆ ಅದಕ್ಕೊಂದು ಕಾರಣವಿರಬೇಕೆಂದು ನೋಡಿದವರೇ ಊಹಿಸುತ್ತಾರೆ.

ನಮ್ಮ ದೇಶದಲ್ಲಿಯೂ ಹಿಂಸೆಗೆ ಎದುರಾಗಿ ಸೈಕಲ್ ಹೊರಟದ್ದುಂಟು. ಪಂಜಾಬಿನ ಸಂಕಟದ ದಿನಗಳಲ್ಲಿ, ೧೯೮೫ರ ಡಿಸೆಂಬರಿನಲ್ಲಿ, ಬಾಬಾ ಆಮ್ಟೆಯವರು ನೂರಕ್ಕೂ ಹೆಚ್ಚು ಮಂದಿ ಯುವಕ ಯುವತಿಯರನ್ನು ಕನ್ಯಾಕುಮಾರಿಯಿಂದ ಉತ್ತರದತ್ತ ಸೈಕಲ್ಲಿನ ಮೇಲೆ ಹೊರಡಿಸಿದರು. ಬೆನ್ನೆಲುಬಿನ ಬೇನೆಯಿಂದ ಕುಳಿತುಕೊಳ್ಳಲಾರದ ಅವರು ತಾವು ವಾಹನವೊಂದರಲ್ಲಿ ಮಲಗಿಕೊಂಡೇ ಜತೆಗೆ ಹೋದರು. ಇಲ್ಲಿ ಪ್ರಾಸಂಗಿಕವಾಗಿ ಒಂದು ಮಾತು: ನಾವು ಶಾಂತಿಯ ಮೆರವಣಿಗೆಗೆ ಬಳಸುವ ‘ಜಾಥಾ’ ಎಂಬ ಶಬ್ದ ಪಂಜಾಬಿನಿಂದ ಬಂದದ್ದು, ಸಂಸ್ಕೃತದ ‘ಯೂಥ’ ಅದರ ಮೂಲ, ಸಿಖ್ಖರ ಚರಿತ್ರೆಯಲ್ಲಿ ಅದರ ಅರ್ಥ ಆಯುಧಧಾರಿಗಳ ದಳ. ಶಬ್ದವೇ ಆಯುಧವನ್ನು ಕೆಳಗಿಟ್ಟ ಹಾಗಾಗಿದೆ.

ಕೋವಿಯನ್ನು ಕೆಳಗಿಡಿಸಿದ ಕೆಲಸದಲ್ಲಿ ಕನ್ನಡನಾಡಿನವರೊಬ್ಬರ ಹೆಸರು ಸ್ಮರಣೀಯ. ಬೆಂಗಳೂರಿನಲ್ಲಿ ೧೯೨೯ರಲ್ಲಿ ಹುಟ್ಟಿದ ಎಸ್. ಎನ್. ಸುಬ್ಬರಾವ್ ಅವರು ಮಧ್ಯಪ್ರದೇಶದ ಚಂಬಲ್ ಕಣಿವೆಯ ಜೌರಾ ಎಂಬಲ್ಲಿ ಗಾಂಧಿ ಸೇವಾಶ್ರಮವನ್ನು ಕಟ್ಟಿದರು. ೧೯೭೨ರ ಏಪ್ರಿಲ್ ೧೪ರಂದು ಜಯಪ್ರಕಾಶ ನಾರಾಯಣರ ಸಮ್ಮುಖದಲ್ಲಿ, ಗಾಂಧೀಜಿಯ ಚಿತ್ರಪಟದ ಮುಂದೆ, ಕಣಿವೆಯ ಡಕಾಯಿತರು ತಮ್ಮ ಬಂದೂಕುಗಳನ್ನು ತಂದಿಟ್ಟದ್ದು ಅಲ್ಲಿಯೇ. ಅದಕ್ಕೆ ಹನ್ನೆರಡು ವರ್ಷ ಮುಂಚೆ ವಿನೋಬಾ ಭಾವೆಯವರು ಕಾಲ್ನಡಿಗೆಯಲ್ಲಿ ಆ ಕಣಿವೆಯನ್ನು ಹೊಕ್ಕಾಗ ಮೊದಲ ತಂಡ ಶರಣಾಗಿದ್ದಿತು. ಸುಬ್ಬರಾವ್ ಅವರು ೧೯೯೩ರ ಅಕ್ಟೋಬರ್ ೨ರಂದು ಆರಂಭಿಸಿದ ಸದ್ಭಾವನಾ ರೈಲು ಯಾತ್ರೆಯಲ್ಲಿ ತರುಣರು ರೈಲು ನಿಂತ ಊರುಗಳಲ್ಲಿ ಸೈಕಲ್ ಮೆರವಣಿಗೆ ಹೊರಡುತ್ತಿದ್ದರು. ಚಂಬಲ್ಲಿನ ಅನುಭವದಲ್ಲಿ ನಾವು ಗಮನಿಸಬೇಕಾದ ವಿಶೇಷವೊಂದಿದೆ. ಅಲ್ಲಿ ಮಾತು ನಡೆದದ್ದು ಸರಕಾರದೊಡನೆ ಮಾತ್ರವಲ್ಲ. ಕೋವಿ ಹಿಡಿದವನೊಡನೆಯೇ ನಡೆಯಿತು. ವಾಷಿಂಗ್ಟನ್ನಿನ ದಾರಿಗಿಂತ ಈ ದಾರಿ ನಮಗೆ ಹತ್ತಿರವೆಂದು ತೋರುತ್ತದೆ.

ಈಗ ಕೊಕ್ಕಡಕ್ಕೆ ಬರೋಣ. ಧರ್ಮಸ್ಥಳದ ದಕ್ಷಿಣಕ್ಕಿರುವ ಈ ಗ್ರಾಮವನ್ನು ಹೊರಗಿನವರು ವೈದ್ಯನಾಥೇಶ್ವರನ ದೇವಸ್ಥಾನದಿಂದ, ಸೌತಡ್ಕದ ಬಯಲು ಗಣಪತಿಯಿಂದ, ಕೋರಿ ಜಾತ್ರೆಯಿಂದ ಬಲ್ಲರು. ಅಡಕೆ, ತೆಂಗು, ರಬ್ಬರು, ಗೇರು, ಅಲ್ಲಲ್ಲಿ ಉಳಿದ ಬತ್ತದ ಗದ್ದೆ. ಪೂರ್ವಕ್ಕೆ ಶಿಶಿಲ, ಶಿಬಾಜೆಗಳ ಆಚೆ ಘಟ್ಟದ ಕಾಡು. ಕಾಡಿಗೆ ತಾಗಿದ ತೋಟವೆಂದ ಮೇಲೆ ಹಂದಿಯ, ಮಂಗನ, ಕೆಲವೆಡೆ ಆನೆಯ ಉಪದ್ರ ತಪ್ಪಿದ್ದಲ್ಲ. ಗರ್ನಾಲು ಹೊಡೆದು ಓಡಿಸುವುದುಂಟು. ಅದಕ್ಕೆ ಮಂಗ ಬೇಗ ಒಗ್ಗಿಹೋಗುತ್ತದೆ. ಹೀಗಾಗಿ ಕೋವಿ. ತುಳುವಿನಲ್ಲಿ ಕೋವಿಗೆ ‘ಬೆಡಿ’ ಎಂದು ಹೆಸರು. ಜಾತ್ರೆಯ ಸುಡುಮದ್ದಿಗೂ ಅದೇ ಹೆಸರು, ಪುತ್ತೂರಿನ ಬೆಡಿಯನ್ನು ಎಲ್ಲರೂ ಕೇಳಿರುತ್ತಾರೆ. ಹೆದರಿಸುವ ಶಬ್ದಕ್ಕೂ ಕೊಲ್ಲುವ ಆಯುಧಕ್ಕೂ ಭಾಷೆ ಭೇದ ಮಾಡಿಲ್ಲ. ಬಳಕೆಯಲ್ಲಿಯೂ ಆ ಭೇದ ಎಷ್ಟೋ ಸಲ ಮಸುಕಾಗುತ್ತದೆ.

ಕಾನೂನು ಮಾತ್ರ ಭೇದ ಮಾಡುತ್ತದೆ. ೧೯೫೯ರ ಶಸ್ತ್ರಾಸ್ತ್ರ ಅಧಿನಿಯಮ ೧೯೬೨ರ ಅಕ್ಟೋಬರ್ ೧ರಿಂದ ಜಾರಿಗೆ ಬಂದಿತು. ಅದರ ೧೩ನೆಯ ಪ್ರಕರಣದಲ್ಲಿ, ನಿಜವಾದ ಬೆಳೆರಕ್ಷಣೆಗಾಗಿ ಕೇಳಿದ ರೈತನಿಗೆ ಬಾಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸು ಕೊಡಬೇಕೆಂದೂ, ಅದು ಸಾಲದೆಂದು ಅಧಿಕಾರಿಗೆ ತೋರಿದರೆ ನುಣುಪು ನಳಿಗೆಯ ಬೇರೆ ಕೋವಿಗೆ ಕೊಡಬಹುದೆಂದೂ ಹೇಳಿದೆ. ೨೦೧೯ರ ತಿದ್ದುಪಡಿಯಿಂದ ಒಬ್ಬನು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. ಆದರೆ ಕೋವಿ ಇಟ್ಟುಕೊಳ್ಳುವ ಅನುಮತಿ ಬೇಟೆಯ ಅನುಮತಿಯಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ೧೧ನೆಯ ಪ್ರಕರಣದಂತೆ, ಬೆಳೆಗೆ ಅಪಾಯವೊಡ್ಡುವ ಹಂದಿಯಂತಹ ಪ್ರಾಣಿಯನ್ನು ಕೊಲ್ಲುವುದಕ್ಕೂ ಅಧಿಕಾರಿಯ ಲಿಖಿತ ಆಜ್ಞೆ ಬೇಕು. ವಿದ್ಯಾವಂತರಲ್ಲಿಯೇ ಅನೇಕರಿಗೆ ಈ ಎರಡನೆಯ ಸಂಗತಿ ತಿಳಿದಿಲ್ಲ. ನೆರೆಯ ಕೊಡಗಿನ ಸ್ಥಿತಿ ಬೇರೆ. ೧೮೬೧ರಿಂದ ಬಂದ ವಿನಾಯಿತಿಯಂತೆ ಅಲ್ಲಿಯ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೆಲವು ಬಗೆಯ ಕೋವಿಗಳಿಗೆ ಲೈಸೆನ್ಸು ಬೇಡ. ಕೇಂದ್ರ ಸರಕಾರ ೨೦೧೯ರಲ್ಲಿ ಅದನ್ನು ೨೦೨೯ರವರೆಗೆ ಮುಂದುವರಿಸಿತು. ಅಲ್ಲಿ ಕೋವಿ ಮನೆತನದ ಪೂಜಾವಸ್ತು. ಕೊಕ್ಕಡದಲ್ಲಿ ಅದು ಹಾರೆ ಕತ್ತಿಗಳ ಸಾಲಿನ ಒಂದು ಸಲಕರಣೆ. ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಡು ಎಂದರೆ ಬೆಳೆಗಾರನಿಗೆ ಅಸಮಾಧಾನವಾಗುವುದು ಆ ಕಾರಣದಿಂದಲೇ.

ಹಾಗಾದರೆ ಅಪಾಯವೆಲ್ಲಿ? ಹಳ್ಳಿಯ ಕೋವಿ ಎಂದೊಡನೆ ಪಟ್ಟಣದವರು ಕೊಲೆಯನ್ನು ನೆನೆಯುತ್ತಾರೆ. ನಮ್ಮ ರಾಜ್ಯದಲ್ಲಿ ೨೦೧೫ರ ಆಗಸ್ಟ್ ೩೦ರಂದು ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರನ್ನೂ, ೨೦೧೭ರ ಸೆಪ್ಟೆಂಬರ್ ೫ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನೂ ಕೊಂದದ್ದು ತೋಟದ ಕೋವಿಯಲ್ಲ, ೭.೬೫ ಮಿಲಿಮೀಟರಿನ ನಾಡ ಪಿಸ್ತೂಲು. ದೇಶದಲ್ಲಿ ಗುಂಡಿನಿಂದ ಕೊಲೆಯಾದವರಲ್ಲಿ ಬಹುಪಾಲು ಜನ ಲೈಸೆನ್ಸಿಲ್ಲದ ಆಯುಧಗಳಿಂದಲೇ ಸತ್ತಿರುವರೆಂದು ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಪಟ್ಟಿಗಳು ವರ್ಷವರ್ಷವೂ ತೋರಿಸುತ್ತವೆ. ಆದುದರಿಂದ ಲೈಸೆನ್ಸುಳ್ಳ ಕೃಷಿಕನನ್ನು ಕೊಲೆಗಾರರ ಸಾಲಿನಲ್ಲಿ ನಿಲ್ಲಿಸುವ ಜಾಥಾ ಅನ್ಯಾಯದ್ದು. ಕೊಕ್ಕಡದ ಯಾವ ಅಂಗಳದಲ್ಲಿಯೂ ಅದಕ್ಕೆ ನೀರು ದೊರೆಯಲಾರದು.

ತೋಟದ ಕೋವಿಯ ಅಪಾಯ ಬೇರೆ ಜಾತಿಯದು. ಕೇಪಿನ ಕೋವಿಯನ್ನೇ ತೆಗೆದುಕೊಳ್ಳೋಣ. ನಳಿಗೆಯ ಬಾಯಿಂದ ಮದ್ದು ಸುರಿದು, ಚಿಂದಿಯನ್ನೋ ನಾರನ್ನೋ ತುರುಕಿ, ಚಿಲ್ಲು ಹಾಕಿ, ಗಜದಿಂದ ಜಡಿದು, ಕೊನೆಗೆ ಕೇಪು ಇಡಬೇಕು. ಇಷ್ಟು ಮಾಡುವಷ್ಟರಲ್ಲಿ ಹಂದಿ ಪಕ್ಕದ ತೋಟಕ್ಕೆ ಹೋಗಿರುತ್ತದೆ. ಆದುದರಿಂದ ಸಂಜೆಯೇ ತುಂಬಿಡುವ ಆಸೆ ಹುಟ್ಟುತ್ತದೆ. ಒಮ್ಮೆ ತುಂಬಿದ್ದನ್ನು ಬರಿದು ಮಾಡುವುದು ಸುಲಭವಲ್ಲ. ಹೊಡೆದೇ ಖಾಲಿಮಾಡುವುದು ವಾಡಿಕೆ. ಹಂದಿ ಬಾರದಿದ್ದರೆ ತುಂಬಿದ ಕೋವಿ ಮೂಲೆಗೆ ಒರಗಿ ನಿಲ್ಲುತ್ತದೆ. ತೋಟೆಯ ಕೋವಿಯಾದರೋ ಮುರಿದು ನೋಡಿದರೆ ನಳಿಗೆ ಬರಿದೋ ಅಲ್ಲವೋ ಕ್ಷಣದಲ್ಲಿ ಗೊತ್ತಾಗುತ್ತದೆ. ಕೇಪಿನ ಕೋವಿ ಹೊರಗಿನಿಂದ ಏನನ್ನೂ ಹೇಳುವುದಿಲ್ಲ. ಕಾನೂನು ಯಾವುದನ್ನು ಕಡಮೆ ಭಯದ ಆಯುಧವೆಂದು ರೈತನಿಗೆ ಮೊದಲು ಕೊಡುತ್ತದೆಯೋ, ಮನೆಯೊಳಗೆ ಮಕ್ಕಳ ಮಟ್ಟಿಗೆ ಅದೇ ಹೆಚ್ಚು ಭಯದ್ದು. ಕೇಪನ್ನು ತೆಗೆದು ಬೇರೆಡೆ ಬೀಗದಲ್ಲಿಡುವುದು ಕನಿಷ್ಠ ಎಚ್ಚರಿಕೆ. ಇದರ ಮೇಲೆ ರಾತ್ರಿಯ ಬೇಟೆಯ ಅಪಾಯವೂ ಇದೆ: ಪೊದೆ ಅಲುಗಿದ ಕಡೆಗೆ, ಸದ್ದು ಬಂದ ಕಡೆಗೆ ಈಡು ಹೊಡೆಯುವುದು. ಪೊದೆಯ ಆಚೆ ಇರುವವನು ಜತೆಗೆ ಬಂದವನೇ ಆಗಿರಬಹುದು. ದಾರಿಗೆ ತಂತಿ ಕಟ್ಟಿ ತಾನೇ ಸಿಡಿಯುವಂತೆ ಇಡುವ ಕೋವಿಗಂತೂ ಹಂದಿಯೂ ಒಂದೇ, ಬೆಳಿಗ್ಗೆ ಸೊಪ್ಪಿಗೆ ಹೋದ ಹೆಂಗಸೂ ಒಂದೇ.

ಇನ್ನೊಂದು ಸಂಗತಿಯನ್ನು ಹೇಳಲು ಸಂಕೋಚವಾದರೂ ಬಿಡುವಂತಿಲ್ಲ. ಅಮೆರಿಕದಲ್ಲಿ ೨೦೨೧ರಲ್ಲಿ ಬಂದೂಕಿನಿಂದ ಸತ್ತವರು ೪೮,೦೦೦ಕ್ಕೂ ಮಿಕ್ಕವರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಮ್ಮನ್ನು ತಾವೇ ಕೊಂದುಕೊಂಡವರು. ಆತ್ಮಹತ್ಯೆಯ ಆವೇಗ ಬಹುಸಲ ಅಲ್ಪಕಾಲದ್ದು. ಆ ಹೊತ್ತಿನಲ್ಲಿ ಮಾರಕ ಸಾಧನ ಕೈಗೆ ಎಟುಕದಿದ್ದರೆ ಬದುಕುವವರು ಅನೇಕರು. ಶ್ರೀಲಂಕೆಯಲ್ಲಿ ಅತಿ ವಿಷಮಯವಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಆತ್ಮಹತ್ಯೆಯ ಪ್ರಮಾಣ ೧೯೯೫ರಲ್ಲಿದ್ದುದರ ಮೂರರಲ್ಲೊಂದು ಭಾಗಕ್ಕೆ ಇಳಿಯಿತು. ನಮ್ಮ ತೋಟದ ಮನೆಗಳಲ್ಲಿ ಕೋವಿ ಮತ್ತು ಕೀಟನಾಶಕದ ಡಬ್ಬಿ ಎರಡೂ ಇರುತ್ತವೆ. ಎರಡಕ್ಕೂ ಬೀಗ ಬೇಕೆಂಬುದೇ ಇಲ್ಲಿಯ ತಾತ್ಪರ್ಯ. ಬೆಳೆಯ ರಕ್ಷಣೆಗೆಂದು ಬಂದ ವಸ್ತು ಮನುಷ್ಯನನ್ನೇ ಬಾಧಿಸಬಹುದೆಂಬುದನ್ನು ಕೊಕ್ಕಡಕ್ಕೆ ಯಾರೂ ಬಂದು ಕಲಿಸಬೇಕಾಗಿಲ್ಲ. ಈ ಸೀಮೆಯ ಗೇರು ತೋಪುಗಳ ಮೇಲೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಇನ್ನೂ ಇಲ್ಲಿಯ ಮನೆಗಳ ಜಗಲಿಯಲ್ಲಿದೆ. ಸುಪ್ರೀಂ ಕೋರ್ಟು ಆ ವಿಷವನ್ನು ತಡೆದದ್ದು ೨೦೧೧ರ ಮೇ ತಿಂಗಳಿನಲ್ಲಿ.

ಇಂತಹ ಊರಿಗೆ ನಮ್ಮ ವಿದ್ಯಾರ್ಥಿಗಳು ಸೈಕಲ್ ಜಾಥಾ ಹೊರಡುವುದಾದರೆ ಅದರ ಮುಖ ತಾಲ್ಲೂಕು ಕಚೇರಿಯ ಕಡೆಗಿರಬಾರದು, ಅಂಗಳಗಳ ಕಡೆಗಿರಬೇಕು. ಹತ್ತು ಹನ್ನೆರಡು ಮಂದಿ ಸಾಕು. ಇಪ್ಪತ್ತಾರು ಮಂದಿ ಒಂದು ತೋಟದ ಅಂಗಳದಲ್ಲಿ ಹಿಡಿಸಲಾರರು. ಮಳೆ ನಿಂತು ದಾರಿ ಒಣಗಿದ ಮೇಲೆ, ಧನು ಸಂಕ್ರಮಣದ ಹೊತ್ತಿನಲ್ಲಿ, ಕೋರಿ ಜಾತ್ರೆಗೆ ಜನ ಸೇರುವ ದಿನಗಳು ಅನುಕೂಲ; ಮನುಷ್ಯರ ಮತ್ತು ದನಕರುಗಳ ರೋಗ ಕಳೆಯಲೆಂದು ಜನ ಗದ್ದೆಗೆ ಸುತ್ತು ಬರುವ ಜಾತ್ರೆಯಲ್ಲಿ ಕ್ಷೇಮದ ಮಾತು ಅಸಂಗತವಾಗದು. ಪೆರಿಯಶಾಂತಿಯಿಂದ ಕೊಕ್ಕಡಕ್ಕೆ, ಅಲ್ಲಿಂದ ಧರ್ಮಸ್ಥಳದತ್ತ ಹೋಗುವ ರಸ್ತೆ ಏರಿಳಿತದ್ದು. ಏರಿನಲ್ಲಿ ಇಳಿದು ಸೈಕಲ್ ತಳ್ಳಲೇಬೇಕು. ಮಾತಿಗೆ ಅದೇ ಒಳ್ಳೆಯ ಜಾಗ. ಘೋಷಣೆಗಿಂತ ಒಂದು ಖಾಲಿ ಕೋವಿಯ ಮರದ ಮಾದರಿ, ಒಂದು ಬೀಗ, ತುಳು ಬಲ್ಲ ಇಬ್ಬರು ಹುಡುಗರು ಹೆಚ್ಚು ಕೆಲಸಕ್ಕೆ ಬಂದಾರು. ಲೈಸೆನ್ಸಿಲ್ಲದ ಕೋವಿ ಯಾರ ಮನೆಯಲ್ಲಿದೆಯೆಂದು ಜಾಥಾದವರು ಕೇಳಬಾರದು, ಬರೆದುಕೊಳ್ಳಲೂ ಬಾರದು; ಅದು ಪೋಲೀಸರ ಕೆಲಸ, ಮತ್ತು ಒಮ್ಮೆ ಆ ಶಂಕೆ ಹುಟ್ಟಿದರೆ ಮುಂದಿನ ಮನೆಯ ಬಾಗಿಲು ತೆರೆಯುವುದಿಲ್ಲ.

ಜಾಥಾದವರಿಗೆ ಎದುರಾಗುವ ಮೊದಲ ಪ್ರಶ್ನೆ ಯಾವುದೆಂಬುದನ್ನು ಈಗಲೇ ಹೇಳಬಹುದು: “ಎಲ್ಲ ಸರಿ ಮಾರಾಯ್ರೆ, ರಾತ್ರಿ ಹಂದಿ ಬಂದರೆ ಏನು ಮಾಡುವುದು?” ಇದಕ್ಕೆ ಉತ್ತರವಿಲ್ಲದೆ ಹೋದವರು ಆಸರಿಗೆ ಕುಡಿದು ಹಿಂದೆ ಬರಬೇಕಾದೀತು. ಆದುದರಿಂದ ಹೊರಡುವ ಮೊದಲು ಸೌರ ಬೇಲಿಯ ಖರ್ಚುವೆಚ್ಚವನ್ನೂ, ೧೧ನೆಯ ಪ್ರಕರಣದ ಅನುಮತಿಗೆ ಯಾರನ್ನು ಕಾಣಬೇಕೆಂಬುದನ್ನೂ ತಿಳಿದುಕೊಂಡು, ಬೆಳೆಹಾನಿಯ ಪರಿಹಾರಕ್ಕಾಗಿ ಅರಣ್ಯ ಇಲಾಖೆಗೆ ಸಲ್ಲಿಸುವ ಅರ್ಜಿಯ ನಮೂನೆಗಳನ್ನು ಪ್ರತಿಯೊಬ್ಬ ಸವಾರನೂ ತನ್ನ ಚೀಲದಲ್ಲಿ ಇಟ್ಟುಕೊಳ್ಳುವುದು ಅವಶ್ಯ.