ಬೀದಿಗೆ ಬೆಳಕು, ಮನೆಗೆ ಕಿರಿಕಿರಿ: ಕಂಬ ಎಲ್ಲಿ ನೆಡಬೇಕು?

2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿ ವಿದ್ಯುತ್ ಜಾಲವನ್ನು ನೆಲಕಚ್ಚಿಸಿತು. ಪುನರ್ನಿರ್ಮಾಣದ ಹೊತ್ತಿನಲ್ಲಿ ಆ ನಗರದ ಹಳೆಯ ದೀಪಗಳ ಜಾಗಕ್ಕೆ ಸುಮಾರು 90 ಸಾವಿರ ಎಲ್‌ಇಡಿ ದೀಪಗಳು ಬಂದವು. 2015ರ ಜನವರಿಯಲ್ಲಿ ರಾಷ್ಟ್ರೀಯ ಬೀದಿದೀಪ ಕಾರ್ಯಕ್ರಮ ಆರಂಭವಾಗಿ, ದೇಶದಾದ್ಯಂತ ಬದಲಾದ ದೀಪಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿತು. ಸ್ಥಳೀಯ ಸಂಸ್ಥೆಗಳ ವಿದ್ಯುತ್ ವೆಚ್ಚ ತಗ್ಗಿದ್ದು, ಕತ್ತಲೆಯ ಬೀದಿಗಳಲ್ಲಿ ಹೆಣ್ಣುಮಕ್ಕಳ ಓಡಾಟ ಸಲೀಸಾದದ್ದು ಸಣ್ಣ ಲಾಭಗಳಲ್ಲ. ಆದರೆ ಕಾರ್ಯಕ್ರಮ ಮುಖ್ಯವಾಗಿ ದೀಪವನ್ನು ಬದಲಿಸಿತು, ಕಂಬವನ್ನಲ್ಲ. ಸೋಡಿಯಂ ದೀಪದ ಮಂದ ಹಳದಿ ಬೆಳಕಿದ್ದ ಕಾಲದಲ್ಲಿ ಯಾರೂ ತಲೆ ಕೆಡಿಸಿಕೊಳ್ಳದ ಕಂಬವೇ, ತುದಿಗೆ ಪ್ರಖರ ಬಿಳಿ ದೀಪ ಬಂದ ಮೇಲೆ ಅಕ್ಕಪಕ್ಕದ ಮನೆಯವರ ನಿದ್ದೆಗೆಡಿಸತೊಡಗಿತು.

ಕಂಬ ಮೊದಲೋ, ಮನೆ ಮೊದಲೋ

ವಿಜಯವಾಡದ ಸಮೀಪದ ಕೊಂಡಪಲ್ಲಿಯನ್ನೇ ನೋಡಿ; ಅದು ಮರದ ಬೊಂಬೆಗಳಿಗೆ ಹೆಸರಾದ ಊರು. ಈಚಿನವರೆಗೂ ಪಂಚಾಯಿತಿ ಆಡಳಿತದಲ್ಲಿದ್ದ ಇಲ್ಲಿ ಪುರಸಭೆಗೆ ಮೊದಲ ಚುನಾವಣೆ ನಡೆದದ್ದು 2021ರ ನವೆಂಬರ್‌ನಲ್ಲಿ. ಹೀಗೆ ಗ್ರಾಮದ ಅಳತೆಯಲ್ಲಿ ಬೆಳೆದು ಪಟ್ಟಣದ ಹೊರೆ ಹೊತ್ತ ಊರುಗಳು ಕರ್ನಾಟಕದಲ್ಲೂ ಸಾಕಷ್ಟಿವೆ. ಅಲ್ಲೆಲ್ಲ ಓಣಿ ತಿರುಗಿದ ಕಡೆ, ಚರಂಡಿಯ ಅಂಚಿನಲ್ಲಿ, ಖಾಲಿ ನಿವೇಶನದ ಮುಂದೆ ಕಂಬಗಳನ್ನು ನೆಟ್ಟಿರುತ್ತಾರೆ. ಮುಂದೆ ಆ ನಿವೇಶನದಲ್ಲಿ ಮನೆ ಎದ್ದಾಗ ಗೇಟಿನ ಎದುರಿಗೇ ಕಂಬ ಇರುತ್ತದೆ. ಬೊಂಬೆ ಕೆತ್ತುವವರಂತೆ ಮನೆಯಲ್ಲೇ ಕಸುಬು ನಡೆಸುವ ಕುಟುಂಬಗಳಿಗೆ ಬಾಗಿಲಿಗೆ ಅಡ್ಡವಾದ ಕಂಬವೆಂದರೆ ಜೀವನೋಪಾಯಕ್ಕೂ ಅಡ್ಡಿ.

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ (ಸೆಟ್‌ಬ್ಯಾಕ್) ಬಿಡದೆ, ಬಾಲ್ಕನಿಯನ್ನು ರಸ್ತೆಯ ಮೇಲಕ್ಕೆ ಚಾಚಿ, ಆಮೇಲೆ ತಂತಿ ಕೈಗೆಟಕುತ್ತಿದೆ ಎಂದು ದೂರುವ ಮಾಲೀಕರು ಕಡಿಮೆಯೇನಿಲ್ಲ. ಕಡಿಮೆ ಒತ್ತಡದ ತಂತಿಗೂ ಕಟ್ಟಡಕ್ಕೂ ಅಡ್ಡಲಾಗಿ ಕನಿಷ್ಠ 1.2 ಮೀಟರ್ ಅಂತರವಿರಬೇಕೆಂದು 2010ರ ಕೇಂದ್ರ ಸುರಕ್ಷತಾ ನಿಯಮಗಳು ವಿಧಿಸಿದ್ದವು. ಮೊದಲೇ ಇದ್ದ ತಂತಿಯತ್ತ ಕಟ್ಟಡವೇ ಚಾಚಿಕೊಂಡಿದ್ದರೆ ಸ್ಥಳಾಂತರದ ವೆಚ್ಚವನ್ನು ಮಾಲೀಕನೇ ಭರಿಸಬೇಕೆನ್ನುವುದು ನ್ಯಾಯವಾಗಿಯೇ ಇದೆ.

ಕಾನೂನು ಎಲ್ಲಿ ಬಿಗಿ, ಎಲ್ಲಿ ಸಡಿಲ

ಬೀದಿದೀಪ ಒದಗಿಸುವುದು ಸ್ಥಳೀಯ ಸಂಸ್ಥೆಯ ಹೊಣೆ. ಸಂವಿಧಾನದ 12ನೇ ಅನುಸೂಚಿಯ 17ನೇ ಬಾಬ್ತಿನಲ್ಲಿ ಅದರ ಉಲ್ಲೇಖವಿದೆ. ಕರ್ನಾಟಕದ 1964ರ ಪುರಸಭೆ ಕಾಯ್ದೆ ಮತ್ತು 1976ರ ಮಹಾನಗರ ಪಾಲಿಕೆ ಕಾಯ್ದೆಗಳು ಇದನ್ನು ಕಡ್ಡಾಯ ಕರ್ತವ್ಯಗಳ ಸಾಲಿಗೆ ಸೇರಿಸಿವೆ. ಆದ್ದರಿಂದ ‘ನನ್ನ ಮನೆ ಮುಂದೆ ದೀಪವೇ ಬೇಡ’ ಎನ್ನುವ ಹಕ್ಕು ಯಾರಿಗೂ ಇಲ್ಲ. ಖಾಸಗಿ ಜಾಗದ ಒಳಗೆ ಒಪ್ಪಿಗೆಯಿಲ್ಲದೆ ಕಂಬ ನೆಟ್ಟಿದ್ದರೆ ಮಾತು ಬೇರೆ; ಅಲ್ಲಿ ಮಾಲೀಕನ ಪಕ್ಷ ಗಟ್ಟಿ. ರಸ್ತೆಗೆ ಹೊಂದಿಕೊಂಡ ಆಸ್ತಿಯಿಂದ ರಸ್ತೆಗೆ ಇಳಿಯುವ ದಾರಿಗೆ ತಡೆಯಾದರೂ ಸಿವಿಲ್ ನ್ಯಾಯಾಲಯದ ಮೆಟ್ಟಿಲೇರಲು ಆಧಾರವಿದೆ. ವಿದ್ಯುತ್ ಸರಬರಾಜು ಕಂಪನಿಯು ತನ್ನ ಕಾಮಗಾರಿಯಿಂದ ಆದಷ್ಟು ಕಡಿಮೆ ಹಾನಿ ಮತ್ತು ಅನನುಕೂಲ ಉಂಟುಮಾಡಬೇಕು, ಆದ ಹಾನಿಗೆ ಪರಿಹಾರ ಕೊಡಬೇಕು ಎಂದು 2003ರ ವಿದ್ಯುತ್ ಕಾಯ್ದೆಯ 67ನೇ ಕಲಂ ಹೇಳುತ್ತದೆ.

ತೊಡಕು ಹುಟ್ಟುವುದು ಹೊಣೆ ಯಾರದೆಂಬಲ್ಲಿ. ಎಷ್ಟೋ ಕಡೆ ಕಂಬ ವಿದ್ಯುತ್ ಕಂಪನಿಯದು, ಅದಕ್ಕೆ ತೂಗುಬಿದ್ದ ದೀಪ ಪುರಸಭೆಯದು, ನಿರ್ವಹಣೆ ಗುತ್ತಿಗೆದಾರನದು. ಅರ್ಜಿ ಹಿಡಿದು ಹೋದವರನ್ನು ಲೈನ್‌ಮ್ಯಾನ್ ಪುರಸಭೆಗೆ ಕಳಿಸುತ್ತಾನೆ, ಪುರಸಭೆ ಗುತ್ತಿಗೆದಾರನತ್ತ ಬೊಟ್ಟು ಮಾಡುತ್ತದೆ. ಮಾಹಿತಿ ಹಕ್ಕಿನಡಿ ಆ ಕಂಬದ ದಾಖಲೆಯನ್ನು ಮೊದಲು ಪಡೆದುಕೊಂಡರೆ ಈ ಅಲೆದಾಟ ಬಹಳಷ್ಟು ತಪ್ಪೀತು.

ಕಿಟಕಿಯೊಳಗೆ ಬೀಳುವ ಬೆಳಕು

ಕಂಬದ ವಿಚಾರದಲ್ಲಿ ಇಷ್ಟಾದರೂ ಮಾತನಾಡುವ ಕಾನೂನು, ಮಲಗುವ ಕೋಣೆಗೆ ನುಗ್ಗುವ ಬೆಳಕಿನ ಬಗ್ಗೆ ಬಹುಮಟ್ಟಿಗೆ ಮೌನವಾಗಿದೆ. ಶಬ್ದಕ್ಕೆ 2000ದಲ್ಲೇ ನಿಯಮಗಳು ಬಂದವು, ಬೆಳಕಿಗೆ ಅಂಥ ಪ್ರತ್ಯೇಕ ನಿಯಮವಿಲ್ಲ. ಬ್ರಿಟನ್ನು ಕೃತಕ ಬೆಳಕನ್ನು 2005ರ ಕಾಯ್ದೆಯ ಮೂಲಕ ಉಪದ್ರವಗಳ ಪಟ್ಟಿಗೆ ಸೇರಿಸಿತಾದರೂ ಬೀದಿದೀಪಗಳು ಅದರ ವ್ಯಾಪ್ತಿಯಿಂದ ಬಹುತೇಕ ಹೊರಗೇ ಉಳಿದವು. ಸಾರ್ವಜನಿಕ ಸುರಕ್ಷತೆಯ ದೀಪವನ್ನು ಒಬ್ಬನ ದೂರಿನ ಮೇಲೆ ಆರಿಸಲು ಯಾವ ಸರ್ಕಾರವೂ ಹಿಂಜರಿಯುತ್ತದೆ. ಆ ಹಿಂಜರಿಕೆಗೆ ಅರ್ಥವಿದೆ.

ಹಾಗೆಂದು ತೊಂದರೆ ಕಾಲ್ಪನಿಕವಲ್ಲ. ನೀಲಿಯ ಪಾಲು ಹೆಚ್ಚಿರುವ ಬೆಳಕು ರಾತ್ರಿ ನಿದ್ರೆಯನ್ನು ನಿಯಂತ್ರಿಸುವ ಮೆಲಟೋನಿನ್ ಸ್ರಾವವನ್ನು ತಗ್ಗಿಸುತ್ತದೆ. ಬೀದಿದೀಪದ ವರ್ಣತಾಪ (ಇದು ಹೆಚ್ಚಿದಷ್ಟೂ ಬೆಳಕು ನೀಲಿಯತ್ತ ವಾಲುತ್ತದೆ) 3,000 ಕೆಲ್ವಿನ್ ಮೀರದಿರಲಿ ಎಂದು ಅಮೆರಿಕದ ವೈದ್ಯರ ಸಂಘಟನೆಯೊಂದು 2016ರಲ್ಲೇ ಸಲಹೆ ನೀಡಿತ್ತು. ನಮ್ಮ ಭಾರತೀಯ ಮಾನಕ ಐಎಸ್ 1944 ಕೂಡ ಎಲ್ಲ ರಸ್ತೆಗೂ ಒಂದೇ ಪ್ರಖರತೆ ಕೇಳುವುದಿಲ್ಲ: ಮುಖ್ಯ ಹೆದ್ದಾರಿಗೆ ಸರಾಸರಿ 30 ಲಕ್ಸ್ ಎಂದರೆ, ಸಂಚಾರ ವಿರಳವಾದ ವಸತಿ ಬೀದಿಗೆ 4 ಲಕ್ಸ್ ಸಾಕು. ಇಕ್ಕಟ್ಟಿನ ಓಣಿಗೆ ಹೆದ್ದಾರಿಗೆ ತಕ್ಕ ದೀಪ ಹಾಕುವುದು ಮಾನಕದ ಅಪೇಕ್ಷೆಯಲ್ಲ, ಖರೀದಿಯ ಅಜಾಗರೂಕತೆ.

ಪರಿಹಾರ ದುಬಾರಿಯೂ ಅಲ್ಲ. ದೀಪದ ಹಿಂಬದಿಗೆ ಒಂದು ತಗಡಿನ ಮರೆ, ತೋಳಿನ ಓರೆಯಲ್ಲಿ ಚೂರು ಬದಲಾವಣೆ, ಬೆಳಕು ನೆಲದತ್ತ ಮಾತ್ರ ಬೀಳುವ ಫಿಟ್ಟಿಂಗ್, ನಡುರಾತ್ರಿಯ ಬಳಿಕ ಪ್ರಖರತೆ ತಗ್ಗಿಸುವ ವ್ಯವಸ್ಥೆ. ಇವುಗಳಲ್ಲಿ ಯಾವುದೂ ಬೀದಿಯನ್ನು ಕತ್ತಲೆಗೆ ದೂಡುವುದಿಲ್ಲ.

ನೆಡುವ ಮುನ್ನ ಕೇಳಬೇಕು

ಎರಡೂ ಕಡೆಯ ವಾದಗಳನ್ನು ತೂಗಿದಾಗ ತೋರುವುದಿಷ್ಟು: ಮನೆಯವನಿಗೆ ದೀಪವನ್ನು ನಿರಾಕರಿಸುವ ಹಕ್ಕು ಸಲ್ಲದು, ಕಂಬ ಎಲ್ಲಿ ಬರುತ್ತದೆಂದು ಮೊದಲೇ ತಿಳಿಯುವ, ಆಕ್ಷೇಪಣೆ ಸಲ್ಲಿಸುವ, ಲಿಖಿತ ಉತ್ತರ ಪಡೆಯುವ ಹಕ್ಕು ಸಲ್ಲಲೇಬೇಕು. ಆಂಧ್ರದಲ್ಲಿ 2019ರ ಅಕ್ಟೋಬರ್‌ನಿಂದ ಕೆಲಸ ಆರಂಭಿಸಿದ ವಾರ್ಡ್ ಸಚಿವಾಲಯಗಳಿಗಾಗಲಿ, ಕರ್ನಾಟಕದ ವಾರ್ಡ್ ಸಮಿತಿಗಳಿಗಾಗಲಿ ಇದು ಅಸಾಧ್ಯದ ಹೊರೆಯಲ್ಲ. ಮೊದಲ ಸುತ್ತಿನ ಎಲ್‌ಇಡಿ ದೀಪಗಳು ಹಳತಾಗಿ ಹಲವು ಊರುಗಳು ಹೊಸ ಟೆಂಡರಿನತ್ತ ಸಾಗುವ ಕಾಲವಿದು. ರಸ್ತೆಯ ವರ್ಗಕ್ಕೆ ತಕ್ಕ ಪ್ರಖರತೆ, ಕಿಟಕಿಯತ್ತ ಬೆಳಕು ಚೆಲ್ಲದ ಮರೆ, ದೂರು ಬಂದರೆ ನಿಗದಿತ ಅವಧಿಯೊಳಗೆ ಸರಿಪಡಿಸುವ ಹೊಣೆ: ಈ ಮೂರು ಷರತ್ತುಗಳನ್ನು ಗುತ್ತಿಗೆ ಪತ್ರದಲ್ಲೇ ಬರೆಸಿಕೊಳ್ಳಲು ಹೊಸ ಶಾಸನಕ್ಕಾಗಿ ಕಾಯಬೇಕಾಗಿಲ್ಲ, ಪುರಸಭೆಯ ಒಂದು ಠರಾವು ಸಾಕು.