ಒಂದು ಕೋಟಿ ಇಪ್ಪತ್ತು ಲಕ್ಷಕ್ಕೆ ಒಂದು

1964ರ ಜೂನ್ 18. ಲಾಸ್ ಏಂಜಲೀಸ್‌ನ ಸ್ಯಾನ್ ಪೆಡ್ರೋದ ಓಣಿಯೊಂದರಲ್ಲಿ ದಿನಸಿಯ ಬೆತ್ತದ ಬುಟ್ಟಿ ಎಳೆದುಕೊಂಡು ಮನೆಗೆ ಹೊರಟಿದ್ದ ವೃದ್ಧೆಯೊಬ್ಬರು, ಬಿದ್ದಿದ್ದ ಖಾಲಿ ಪೆಟ್ಟಿಗೆ ಎತ್ತಿಕೊಳ್ಳಲು ಬಗ್ಗಿದರು. ಯಾರೋ ತಳ್ಳಿ ಕೆಡವಿದರು. ತಲೆಯೆತ್ತಿದರೆ ಹೊಂಗೂದಲಿನ ಯುವತಿಯೊಬ್ಬಳು ಓಡುತ್ತಿದ್ದಳು, ಪರ್ಸ್ ಮಾಯವಾಗಿತ್ತು. ಅದರಲ್ಲಿದ್ದದ್ದು 35–40 ಡಾಲರ್. ಓಣಿಯ ತುದಿಯಲ್ಲಿ ಹುಲ್ಲಿಗೆ ನೀರು ಹಾಯಿಸುತ್ತಿದ್ದವನಿಗೆ ಕಂಡದ್ದು, ಜುಟ್ಟು ಕಟ್ಟಿದ ಯುವತಿ ಹಳದಿ ಕಾರು ಹತ್ತಿದ್ದು, ಗಡ್ಡಮೀಸೆಯ ಕಪ್ಪುವರ್ಣೀಯನೊಬ್ಬ ಕಾರು ಓಡಿಸಿದ್ದು.

ಈ ಚಹರೆಗೆ ಹೊಂದುವ ದಂಪತಿಯನ್ನು ಪೊಲೀಸರು ಹಿಡಿದರು. ಆದರೆ ವೃದ್ಧೆಗೆ ಗುರುತು ಹಿಡಿಯಲಾಗಲಿಲ್ಲ. ಆಗ ಸರ್ಕಾರಿ ವಕೀಲರು ಗಣಿತದ ಅಧ್ಯಾಪಕರೊಬ್ಬರಿಂದ ಸಂಭವನೀಯತೆಗಳನ್ನು ಗುಣಿಸುವ ನಿಯಮ ಹೇಳಿಸಿ, ಅಂಕಿಗಳನ್ನು ತಾವೇ ಒದಗಿಸಿದರು. ಹಳದಿ ಕಾರು ಹತ್ತರಲ್ಲಿ ಒಂದು, ಮೀಸೆ ನಾಲ್ಕರಲ್ಲಿ ಒಂದು, ಜುಟ್ಟು ಹತ್ತರಲ್ಲಿ, ಹೊಂಗೂದಲು ಮೂರರಲ್ಲಿ, ಗಡ್ಡದ ಕಪ್ಪುವರ್ಣೀಯ ಹತ್ತರಲ್ಲಿ, ಕಾರಿನಲ್ಲಿ ಕಪ್ಪು–ಬಿಳಿ ಜೋಡಿ ಸಾವಿರದಲ್ಲಿ ಒಂದು. ಗುಣಿಸಿದರೆ 1.2 ಕೋಟಿಗೆ ಒಂದು! ಜ್ಯೂರಿ ಇಬ್ಬರನ್ನೂ ಅಪರಾಧಿಗಳೆಂದಿತು.

ಗಂಡನ ಮೇಲ್ಮನವಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟಿಗೆ ಬಂತು. ನ್ಯಾಯಮೂರ್ತಿಗಳು ಒಂದೊಂದೇ ಅಂಕಿಯನ್ನು ಹಿಡಿದು ನೋಡಿದರು. ಯಾವುದಕ್ಕೂ ಆಧಾರವಿರಲಿಲ್ಲ. ಗಡ್ಡ ಬಿಟ್ಟವರಲ್ಲಿ ಬಹಳ ಮಂದಿಗೆ ಮೀಸೆಯೂ ಇರುತ್ತದೆ. ಅವನ್ನು ಪರಸ್ಪರ ಸಂಬಂಧವಿಲ್ಲದವೆಂಬಂತೆ ಗುಣಿಸುವುದು ಹೇಗೆ?

ಇಷ್ಟರಿಂದಲೇ ತೀರ್ಪು ಬರೆಯಬಹುದಿತ್ತು. ನ್ಯಾಯಾಲಯ ಇನ್ನೂ ಮುಂದೆ ಹೋಯಿತು, ಇದೇ ನನಗೆ ಈ ಪ್ರಕರಣದ ನಿಜವಾದ ಶೋಧ. ವಕೀಲರ ಅಂಕಿಯೇ ಸರಿಯೆಂದು ಇಟ್ಟುಕೊಳ್ಳೋಣ. ಅಂಥ ಜೋಡಿ ಅಪರೂಪ, ಒಪ್ಪಿದೆವು. ಹಾಗೆಂದು ಸಿಕ್ಕಿಬಿದ್ದ ಜೋಡಿಯೇ ಕಳ್ಳರೆಂದು ಆಯಿತೇ? ಕಳ್ಳರನ್ನೇ ಹೋಲುವ ಇನ್ನೊಂದು ಜೋಡಿ ಅದೇ ಊರಲ್ಲಿ ಇರಬಾರದೇ? ತೀರ್ಪಿನ ಕೊನೆಗೆ ಸಮೀಕರಣಗಳ ಅನುಬಂಧವನ್ನೇ ಸೇರಿಸಿ ಅದನ್ನು ಲೆಕ್ಕ ಹಾಕಿದರು. ಒಟ್ಟು 1.2 ಕೋಟಿ ಜೋಡಿಗಳಿದ್ದು, ಅವುಗಳಲ್ಲಿ ಒಂದು ಈ ಚಹರೆಗೆ ಹೊಂದುತ್ತದೆ ಎಂದಾದರೆ, ಇನ್ನೊಂದೂ ಇರುವ ಸಂಭವ ಶೇ. 40ಕ್ಕೂ ಹೆಚ್ಚು. ಜ್ಯೂರಿಯ ಕಣ್ಣಿಗೆ ಖಚಿತ ಪುರಾವೆಯಂತೆ ಕಂಡ ಸಂಖ್ಯೆಯ ಹೊಟ್ಟೆಯಲ್ಲೇ ಇಷ್ಟು ದೊಡ್ಡ ಸಂಶಯ ಅಡಗಿತ್ತು.

1968ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ರೇಮಂಡ್ ಸಲಿವನ್ ಬರೆದ ತೀರ್ಪು ಗಂಡನ ಶಿಕ್ಷೆಯನ್ನು ರದ್ದು ಮಾಡಿತು. ಅದೇ ಗುಣಾಕಾರಕ್ಕೆ ಸಿಕ್ಕಿ ಅಪರಾಧಿಯಾಗಿದ್ದ ಹೆಂಡತಿ ಮೇಲ್ಮನವಿ ಸಲ್ಲಿಸಿರಲಿಲ್ಲ.